ಇಡಬಹುದು ಎಂದವನು ನಾನೇ

ಮೇಷ್ಟ್ರೇ,

ಅಕ್ಕೂರಿನ ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ನೆನಪಿದೆಯೇ? ಹಾಜರಿ ತುಂಬಿಸಲು ನೀವು ಕುರಿ ಕಾಯುವ ಹುಡುಗರನ್ನೆಲ್ಲ ಕರೆತಂದು ಕೂರಿಸಿದ್ದಿರಿ. ‘ಎಲ್ಲರೂ ಈ ಶಾಲೆಯವರೇ ಏನಪ್ಪ?’ ಎಂದು ಅವರು ನನ್ನನ್ನೇ ಕೇಳಬೇಕೇ? ‘ಅರ್ಧ ಜನ ಇವತ್ತೇ ಬಂದವ್ರೆ ಸ್ವಾಮಿ’ ಎಂದುಬಿಟ್ಟೆ. ನಿಮ್ಮ ಬಡ್ತಿ ಹೋಯಿತು. ನೀವು ಹೊಡೆಯಲಿಲ್ಲ. ಹೊಡೆದಿದ್ದರೆ ಮಾರನೆಯ ದಿನವೂ ಶಾಲೆಗೆ ಬರುತ್ತಿದ್ದೆನೋ ಏನೋ...

ಶಾಲೆ ಬಿಟ್ಟ ಮೇಲೆ ನಾನು ಯಾವ ಕೆಲಸದಲ್ಲೂ ನಿಲ್ಲಲಿಲ್ಲ; ಬಾಯಿ ತೆರೆದರೆ ನಿಜವೇ ಬರುತ್ತಿತ್ತು. ಮಾಗಡಿಯಲ್ಲಿ ಆರು ತಿಂಗಳು, ಕನಕಪುರದಲ್ಲಿ ಒಂದು ಬೇಸಿಗೆ. ಕೊನೆಗೆ ಚನ್ನಪಟ್ಟಣದ ಸಾಹುಕಾರರೊಬ್ಬರು ಕರೆದರು. ಉಳಿಸಿದ ಹಣವನ್ನು ಎಲ್ಲಿ ಇಡಬೇಕೆಂದು ಜನರಿಗೆ ಸಲಹೆ ಕೊಟ್ಟು, ತಾವೇ ಅದನ್ನು ಒಂದು ಗಿರಣಿಯಲ್ಲಿ ತೊಡಗಿಸುವುದು ಅವರ ಕಸುಬು. ‘ನಿನ್ ನಾಲ್ಗೆಗೆ ಬೀಗ ಇಲ್ವಂತೆ. ಅಂಥೋನೇ ಬೇಕು ಕಣ್ಲಾ ನಂಗೆ, ಜನ ನಂಬ್ತಾರೆ’ ಎಂದರು. ಬಂದವರನ್ನು ಚಾಪೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಕಾಗದ ಓದಿ ಹೇಳುವುದು ನನ್ನ ಕೆಲಸ. ಸಾಹುಕಾರರು ತೋರಿಸಿದ ಕಾಗದಗಳನ್ನೇ ಓದುತ್ತಿದ್ದೆ. ತೋರಿಸದವೂ ಇರಬಹುದೆಂದು ನನಗೇಕೆ ಹೊಳೆಯಲಿಲ್ಲ?

ಪಿಂಚಣಿಯಾದ ಮೇಲೆ ನೀವು ಬಂದಿರಿ, ಜೀವಮಾನದ ಉಳಿತಾಯವನ್ನೆಲ್ಲ ಅಂಗವಸ್ತ್ರದಲ್ಲಿ ಕಟ್ಟಿಕೊಂಡು. ಸಾಹುಕಾರರ ಮಾತು ಮುಗಿಯುವ ಮೊದಲೇ ನನ್ನ ಕಡೆ ತಿರುಗಿದಿರಿ. ‘ಅವ್ರು ಹೇಳೋದು ಅತ್ಲಾಗಿರ್ಲಿ. ನನ್ ಬಡ್ತಿ ನುಂಗ್ದೋನು ನೀನು, ಸುಳ್ಳು ಹೇಳಾಕಿಲ್ಲ. ಇಡ್ಬೋದೇನ್ಲಾ?’

‘ಇಡ್ಬೋದು ಮೇಷ್ಟ್ರೇ.’

ನೀವು ನಕ್ಕು ಮಜ್ಜಿಗೆ ಕುಡಿದಿರಿ. ಮೂರು ತಿಂಗಳಿಗೆ ಜ್ವರ ಬಂದು ತೀರಿಕೊಂಡಿರಿ.

ಮೊನ್ನೆ ಸೋಮವಾರ ನಿಮ್ಮ ಹೆಂಡತಿ, ನಮ್ಮ ಅಮ್ಮನವರು, ಆ ಹಣ ಹಿಂದಕ್ಕೆ ಕೇಳಲು ಬಂದಿದ್ದರು. ಅದೇ ಹೊತ್ತಿಗೆ ಒಳಗೆ ಸಾಹುಕಾರರು, ಗಿರಣಿ ಮುಚ್ಚಿ ತಿಂಗಳಾಯಿತೆಂದು ತಮ್ಮ ಭಾವಮೈದುನನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಹೊರಗೆ ಚಾಪೆ ತುಂಬ ಜನ. ಅಮ್ಮನವರೊಬ್ಬರಿಗೇ ಮೊದಲು ಹೇಳಬಹುದಿತ್ತು. ಉಳಿದವರಿಗೆ ಮೋಸ ಮಾಡಿದಂತೆ ಅನ್ನಿಸಿತು. ಎಲ್ಲರಿಗೂ ಕೇಳುವ ಹಾಗೆ, ‘ಗಿರಣಿ ಮುಚ್ಚೋಗೈತೆ. ನಿಮ್ ನಿಮ್ ದುಡ್ಡು ಈಗ್ಲೇ ಕೇಳ್ಕಳ್ಳಿ’ ಎಂದೆ. ಜನ ಒಳಗೆ ನುಗ್ಗಿದರು. ಅಮ್ಮನವರು ಮಾತ್ರ ಗೋಡೆಗೆ ಒರಗಿ, ‘ಮಕ್ಳು ಮರಿ ಇರೋರು ಮೊದ್ಲು ಈಸ್ಕಳ್ಳಿ’ ಎಂದು ಹಿಂದೆಯೇ ನಿಂತರು. ಅವರ ಸರದಿ ಬರುವಷ್ಟರಲ್ಲಿ ಸಾಹುಕಾರರ ಹಣದ ಪೆಟ್ಟಿಗೆ ಬರಿದಾಗಿತ್ತು. ನನ್ನ ನಿಜ ಯಾರನ್ನು ಉಳಿಸಿತು ಮೇಷ್ಟ್ರೇ? ನಿಮ್ಮವರನ್ನಂತೂ...

ಅವರನ್ನು ಊರಿಗೆ ಬಿಡಲು ಎತ್ತಿನ ಗಾಡಿಯಲ್ಲಿ ಜೊತೆಗೆ ಹೋದೆ. ದಾರಿಯುದ್ದಕ್ಕೂ ಒಂದು ಮಾತು ಬೈಯಲಿಲ್ಲ. ಮನೆಯ ಬಾಗಿಲಲ್ಲಿ ನಿಂತು ಕೇಳಿದರು: ‘ನಮ್ಮನೆಯವ್ರಿಗೆ ಇದು ಗೊತ್ತಿತ್ತೇನಪ್ಪ?’

‘ಇಲ್ಲ ಅಮ್ಮ. ದುಡ್ಡು ಭದ್ರವಾಗೈತೆ ಅಂತ್ಲೇ ತಿಳ್ಕಂಡಿದ್ರು.’

‘ಅಷ್ಟು ಸಾಕು ಬುಡು. ನೆಮ್ಮದಿಯಾಗಿ ಹೋದ್ರು.’

ಆ ಒಂದು ನೆಮ್ಮದಿಯನ್ನಾದರೂ ನಿಮಗೆ ಉಳಿಸಬೇಕಿತ್ತು. ನನ್ನಿಂದ ಆಗಲಿಲ್ಲ, ಈ ಕಾಗದ ಬರೆದು ನಿಮಗೂ ಹೇಳಿಬಿಟ್ಟೆ. ಹಣ ಹೋಯಿತು, ಮೇಷ್ಟ್ರೇ. ಅಮ್ಮನವರು ನಾಳೆಯಿಂದ ಛತ್ರದಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾರೆ.