ಅಕ್ಕನ ಹೆಸರಿದ್ದ ಸೋಸುಗ

ಎರಡನೇ ಏಪ್ರಿಲ್ ತಿಂಗಳ ಮೂವತ್ತೊಂದು, ಇಸವಿ ೨೨೧೪
ಗಾಳಿಕೇರಿ, ಬಳ್ಳಾರಿ

ಕೊಳವೆಯಜ್ಜಿಯವರಿಗೆ ಹಂಪಮ್ಮ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮಲ್ಲಿ ಏಪ್ರಿಲ್ ಎರಡಿವೆ. ಕೆಂಪು ಧೂಳು ಹೊತ್ತು ಬೀಸುವ ಕೆಂಪುಗಾಳಿ ಒಂದು ತಿಂಗಳಿಗೆ ಮುಗಿಯದಂತಾದಾಗ, ಮೇ ತಿಂಗಳಿಗೆ ಯಾಕೆ ಸುಮ್ಮನೆ ಕೆಟ್ಟ ಹೆಸರು ತರುವುದೆಂದು ನಮ್ಮ ಹಿರಿಯರು ಅದರ ಮೂವತ್ತೊಂದು ದಿನಗಳನ್ನೂ ಏಪ್ರಿಲ್ ಎಂದೇ ಇನ್ನೊಮ್ಮೆ ಎಣಿಸಿಕೊಂಡರಂತೆ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನಾನು ಕೇರಿಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಸಂಜೆ ದಿನಚರಿಯಲ್ಲಿ ನಾಲ್ಕು ಸಾಲು ಬರೆದು ರೂಢಿ, ಇಷ್ಟುದ್ದದ ಕಾಗದ ಬರೆದವಳಲ್ಲ.

ಇದನ್ನು ನಾವು ಹಿನ್ನೋಲೆ ಎನ್ನುತ್ತೇವೆ. ಮನೆಯಲ್ಲಿ ಒಬ್ಬರು ತೀರಿಕೊಂಡ ವರ್ಷದೊಳಗೆ, ನಾವು ಕಣ್ಣಿನಿಂದ ಕಾಣದ ಹಳೆಯ ಕಾಲದ ಹಿರಿಯರೊಬ್ಬರಿಗೆ ಕಾಗದ ಬರೆಯುವುದು ನಮ್ಮ ಕಡೆಯ ವಾಡಿಕೆ. ತೀರಿಕೊಂಡವರಿಗೇ ಬರೆಯುವಂತಿಲ್ಲ. ಅವರಿಗೆ ಬರೆಯಲು ಕೂತರೆ ಕೈ ಓಡುವುದಿಲ್ಲವೆಂದು ಬಲ್ಲವರು ಯಾರೋ ಮಾಡಿದ ಏರ್ಪಾಡು ಇರಬೇಕು. ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಟಪಾಲು ಕಟ್ಟೆಯವರು ಏನೂ ಕೇಳದೆ ತೆಗೆದುಕೊಳ್ಳುತ್ತಾರೆ, ಅಷ್ಟೇ.

ನಿಮ್ಮನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮಲ್ಲಿ ನಿಮ್ಮದೊಂದು ಚಿತ್ರ ಉಳಿದಿದೆ. ಹಬ್ಬಕ್ಕೆ ಮನೆ ಚೊಕ್ಕ ಮಾಡುತ್ತಿದ್ದೀರಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೀರಿ, ಕೈಯಲ್ಲಿ ಉದ್ದ ಕೊಳವೆ, ಕಾಲ ಬಳಿ ಆನೆಮರಿಯಂಥ ಒಂದು ಯಂತ್ರ. ನಿಮ್ಮ ಹೆಸರು ಯಾರಿಗೂ ನೆನಪಿಲ್ಲದ್ದರಿಂದ ಕೊಳವೆಯಜ್ಜಿ ಎನ್ನುತ್ತೇವೆ. ಯಂತ್ರದ ಹಿಂದಿನ ಚೀಲ ಉಬ್ಬಿ ಬಿರಿಯುವಂತಿದೆ. ನನ್ನ ಅಕ್ಕ ಹುಲಿಗೆಮ್ಮ ಆ ಚಿತ್ರದ ಮುಂದೆ ಹಾದುಹೋಗುವಾಗಲೆಲ್ಲ, "ಮೊದ್ಲು ಆ ಚೀಲ ಖಾಲಿ ಮಾಡಬೇ, ಆಮ್ಯಾಲೆ ಫೋಟೋ ತೆಗಿಸ್ಕಂಡ್ರಾತು" ಎಂದು ನಿಮ್ಮನ್ನು ಗದರುತ್ತಿದ್ದಳು. ನೀವು ನಗುತ್ತಲೇ ಇರುತ್ತಿದ್ದಿರಿ. ಆ ಅಕ್ಕ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಈ ಮನೆಯಲ್ಲಿ ನಾವಿಬ್ಬರೇ ಇದ್ದದ್ದು.

ನಿಮ್ಮ ಯಂತ್ರದ ವಂಶದ್ದೇ ಧೂಳು ಹೀರುವ ನಮ್ಮ ಹೀರುಗ. ನಿಮಗದು ಹಬ್ಬದ ವಸ್ತುವಾಗಿತ್ತೇನೋ, ನಮಗೆ ಒಲೆಯಷ್ಟೇ ದಿನಬಳಕೆಯದು. ಗಾಳಿಕೇರಿಯ ಮನೆಗಳಿಗೆ ಎರಡೆರಡು ಬಾಗಿಲು. ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಇರುವ ಸಣ್ಣ ಜಾಗಕ್ಕೆ ಧೂಳಂಗಳ ಎಂದು ಹೆಸರು. ಬಂದವರು ಅಲ್ಲಿ ಚಪ್ಪಲಿ ಬಿಟ್ಟು, ತಲೆಬಟ್ಟೆ ಕೊಡವಿ, ಮೈಮೇಲೊಮ್ಮೆ ಹೀರುಗದ ಬಾಯಿ ಆಡಿಸಿಕೊಂಡು ಒಳಗೆ ಬರುತ್ತಾರೆ. ನೆಂಟರಿಗೆ ನೀರು ಕೊಡುವುದಕ್ಕಿಂತ ಮೊದಲು ಕೊಳವೆ ಕೊಡುವುದು ಮರ್ಯಾದೆ. ಹೊರಗಿನಿಂದ ಬರುವ ಧೂಳು ಕೆಂಪು, ಒಳಗೇ ಹುಟ್ಟುವ ಧೂಳು ಬೂದು. ಆ ಬೂದು ಧೂಳಿನಲ್ಲಿ ನಮ್ಮ ಬಟ್ಟೆಯ ನೂಲು, ಹಾಸಿಗೆಯ ಹತ್ತಿ, ಉದುರಿದ ಕೂದಲು, ನಮ್ಮ ಮೈಯ ಚರ್ಮದ ಪುಡಿ ಎಲ್ಲವೂ ಇರುತ್ತವೆ. ಸಂಜೆ ಗಾಳಿ ಇಳಿದಾಗ ಹೆಂಗಸರು ಗಂಡಸರು ಎಲ್ಲ ಹೊರಬಾಗಿಲ ಕಲ್ಲಿಗೆ ಹೀರುಗದ ಸೋಸುಗವನ್ನು ಬಡಿದು ಕೊಡವುತ್ತಾರೆ. ಕೇರಿಯುದ್ದಕ್ಕೂ ಟಕಟಕ ಸದ್ದು. ಯಾರ ಮನೆಯ ಬಡಿತ ಯಾವುದೆಂದು ಒಳಗೆ ಕೂತೇ ಹೇಳಬಹುದು. ಅಕ್ಕನ ಬಡಿತ ಎಲ್ಲರಿಗಿಂತ ಜೋರು. ಎದುರುಮನೆಯವರು, "ಹುಲಿಗವ್ವ, ಕಲ್ಲು ಒಡದೀತು, ಹೊಸಾದು ಹಾಕಿಸ್ಬೇಕಾದೀತು" ಎಂದು ತಮಾಷೆ ಮಾಡುತ್ತಿದ್ದರು.

ಸೋಸುಗವೆಂದರೆ ಹೀರುಗದ ಒಳಗೆ ಧೂಳನ್ನು ತಡೆದು ಗಾಳಿಯನ್ನು ಮಾತ್ರ ಬಿಡುವ ಜರಡಿ. ನಿಮಗೆ ಇದು ಗೊತ್ತೇ ಇರುತ್ತದೆ, ಆದರೂ ಅಕ್ಕ ಹೇಳುತ್ತಿದ್ದಂತೆ ಬರೆಯುತ್ತೇನೆ. ಮುಂದೆ ಇರುವುದು ಸ್ಪಂಜು. ಅದನ್ನು ಬರೀ ನೀರಿನಲ್ಲಿ ಹಿಂಡಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಹಸಿ ಇರುವಾಗಲೇ ಹಾಕಿದರೆ ಮನೆಯೆಲ್ಲ ಒದ್ದೆ ನಾಯಿಯ ವಾಸನೆ. ಅದರ ಹಿಂದೆ ಇರುವುದು ಮಡಿಕೆ ಸೋಸುಗ, ಬೀಸಣಿಗೆಯಂತೆ ಮಡಿಚಿದ ಗಟ್ಟಿ ಕಾಗದದ್ದು. ಇದಕ್ಕೆ ನೀರು ತಾಕಿಸಬಾರದು. ಬಡಿದು ಕೊಡವಬೇಕು, ಮಡಿಕೆಯ ಸಂದಿ ಮುಚ್ಚಿಹೋದ ಮೇಲೆ ಬದಲಾಯಿಸಬೇಕು. ಕೊಳ್ಳುವಾಗ ಬೆಲೆಗಿಂತ ಮೊದಲು ಅಂಚು ನೋಡಬೇಕು. ಅಂಚಿನ ರಬ್ಬರು ಸುತ್ತಲೂ ಒತ್ತಿ ಕೂರದಿದ್ದರೆ ಧೂಳು ಅಲ್ಲೇ ನುಸುಳಿ ಹಿಂದಿನಿಂದ ಮನೆಗೇ ವಾಪಸು ಬರುತ್ತದೆ. ಹೀರುಗದ ಸದ್ದು ಏರಿ ಎಳೆತ ಇಳಿದರೆ ಸೋಸುಗ ಕಟ್ಟಿದೆ ಎಂದು ತಿಳಿಯಬೇಕು. ಇವೆಲ್ಲ ಅಕ್ಕನ ಬಾಯಲ್ಲಿ ಕೇಳಿ ಬಲ್ಲೆ. ಆದರೆ ಒಮ್ಮೆಯೂ ಕೈಯಾರೆ ಮಾಡಿರಲಿಲ್ಲ. ಚಿಕ್ಕಂದಿನಿಂದ ನನಗೆ ಧೂಳುಗೆಮ್ಮು. ನಾನು ಹೀರುಗದ ಹತ್ತಿರ ಬಂದರೆ ಸಾಕು, "ನಿನಗೆ ಕೆಮ್ಮು ಬರತೈತೆ, ಆಚಿಕಡೆ ಹೋಗು" ಎಂದು ಅಟ್ಟಿಬಿಡುತ್ತಿದ್ದಳು. ನಾನೂ ಹೋಗಿಬಿಡುತ್ತಿದ್ದೆ.

ಸೋಸುಗ ಹಾಕಿದವರು ಅದರ ಅಂಚಿನ ಮೇಲೆ ತಮ್ಮ ಹೆಸರನ್ನೂ ತಿಂಗಳನ್ನೋ ಹಬ್ಬವನ್ನೋ ಬರೆಯುವುದು ನಮ್ಮ ಪದ್ಧತಿ, ಬದಲಾಯಿಸುವ ಹೊತ್ತು ತಿಳಿಯಲೆಂದು. ಅಕ್ಕ ಹೋದ ಮೇಲೆ ಒಂದು ದಿನ ಮುಚ್ಚಳ ತೆಗೆದು ನೋಡಿದೆ. ಮಡಿಕೆಯ ಅಂಚಿನಲ್ಲಿ ಅವಳ ದಪ್ಪ ಅಕ್ಷರ: ಹುಲಿಗಿ, ದೀವಳಿಗೆ. ಮಡಿಕೆಗಳ ಸಂದಿಯಲ್ಲಿ ಬೂದು ಧೂಳು, ಅದರಲ್ಲಿ ಅವಳದೊಂದು ಬಿಳಿಗೂದಲು. ಅವಳ ಸೀರೆಗಳನ್ನು ಕೊಟ್ಟಾಗಿತ್ತು, ಹಾಸಿಗೆ ಬಿಚ್ಚಿ ಹತ್ತಿ ಹಂಚಿಯಾಗಿತ್ತು. ಅವಳ ಮೈಯಿಂದ ಬಂದದ್ದು ಮನೆಯಲ್ಲಿ ಇದೊಂದೇ ಉಳಿದಿತ್ತು. ಮುಚ್ಚಳ ಹಾಕಿಬಿಟ್ಟೆ. ಆಮೇಲೆ ಹೀರುಗವನ್ನು ಆದಷ್ಟು ಕಡಿಮೆ ಓಡಿಸುತ್ತ, ಕಸಬರಿಗೆಯಲ್ಲೇ ಸಾಗಿಸಿದೆ. ಕೆಮ್ಮು ಹೆಚ್ಚಾಯಿತು. ಸಹಿಸಿಕೊಂಡೆ.

ಹೀಗೇ ನಡೆಯುತ್ತಿತ್ತೇನೋ, ಆದರೆ ಅಕ್ಕನ ಮಗಳು ದುರುಗಿ ಹೆತ್ತಳು. ಹೆಣ್ಣುಕೂಸು. ಬಾಣಂತನಕ್ಕೆ ತಾಯಿಮನೆಗೆ ಬರಬೇಕು, ತಾಯಿಯಿಲ್ಲದ ಮೇಲೆ ಚಿಗವ್ವನಾದ ನನ್ನ ಹತ್ತಿರವೇ ಬರುತ್ತೇನೆಂದು ಅವಳು ಹಟ ಹಿಡಿದಳು. ನನಗೂ ಅದೊಂದೇ ಆಸೆ. ಆದರೆ ಕೆಂಪುಗಾಳಿಯ ತಿಂಗಳಲ್ಲಿ ಬಾಣಂತಿಯ ಕೋಣೆಯ ಗಾಳಿ ಚೊಕ್ಕವಿರಬೇಕು. ಬೀಗತಿ ಬಂದು ನೋಡಿ ಒಪ್ಪಿದ ಮೇಲೆಯೇ ಕೂಸನ್ನು ಕಳಿಸುವುದು. ಒಪ್ಪದಿದ್ದರೆ ತಾಯಿ ಮಗು ಇಬ್ಬರೂ ಅತ್ತೆಮನೆಗೆ ಹೋಗುತ್ತಾರೆ, ಗಾಳಿ ಮುಗಿಯುವವರೆಗೆ ನಾನು ಅವರ ಮುಖ ಕಾಣುವುದಿಲ್ಲ.

ಹೊಸ ಸೋಸುಗ ಕೊಳ್ಳಲು ಪಂಪಣ್ಣನ ಅಂಗಡಿಗೆ ಹೋದೆ. ಗೋಡೆಯ ತುಂಬ ಸೋಸುಗಗಳು, ಗುಂಡಗಿನವು, ಚೌಕದವು, ಉದ್ದನೆಯವು. "ಯಾವ ಅಳತೆ ಕೊಡ್ಲಿ?" ಎಂದ. ನಮ್ಮ ಹೀರುಗದ್ದು ಕೊಡು ಎಂದೆ. "ನಿಮ್ಮ ಹೀರುಗ ನನಗೇನು ಸೋದರಮಾವ ಆಗಬೇಕಾ, ಹೆಸರು ಹೇಳಿದ್ರೆ ಗುರುತು ಹಿಡಿಯಾಕೆ? ಹಳೇದು ತಂದು ತೋರ್ಸವ್ವ" ಎಂದು ನಕ್ಕ. ಹಳೆಯದನ್ನು ತೆಗೆಯುವ ಮನಸ್ಸು ನನಗಿರಲಿಲ್ಲ. ಮನೆಗೆ ಬಂದು ಅದರ ಸುತ್ತ ನೂಲು ಹಿಡಿದು ಅಳತೆ ತೆಗೆದುಕೊಂಡು ಹೋದೆ. ಅವನು ನೂಲನ್ನೂ ನನ್ನನ್ನೂ ನೋಡಿ, ಹೀಗೆಲ್ಲ ಕೊಂಡರೆ ಸರಿಹೋಗದು ಎಂದು ಗೊಣಗುತ್ತಲೇ ಒಂದನ್ನು ಕೊಟ್ಟ. ಅದು ಹಳೆಯದರ ಮೇಲೆ ಟೋಪಿಯ ಹಾಗೆ ಕೂತಿತು. ಎರಡಿದ್ದರೆ ಇನ್ನೂ ಚೆನ್ನಾಗಿ ಸೋಸುತ್ತದೆ, ಅಕ್ಕನದೂ ಒಳಗೇ ಇರುತ್ತದೆ ಎಂದು ಸಮಾಧಾನಪಟ್ಟುಕೊಂಡೆ.

ಬೀಗತಿ ಗಂಗಮ್ಮ ಬಂದರು. ಧೂಳಂಗಳದಲ್ಲಿ ಕೊಳವೆ ಕೊಟ್ಟೆ, ಮೈ ಹೀರಿಸಿಕೊಳ್ಳುವಾಗಲೇ ಎಳೆತ ಸಾಲದೆ ಅವರ ಹುಬ್ಬು ಗಂಟಾಯಿತು. ಕೋಣೆಗೆ ಬಂದು ಹೀರುಗ ಗಾಳಿ ಬಿಡುವ ಹಿಂಬದಿಗೆ ಬಿಳಿ ಬಟ್ಟೆ ಹಿಡಿದು ಓಡಿಸಲು ಹೇಳಿದರು. ಅದು ಗಂಟಲು ಕಟ್ಟಿದವರಂತೆ ನರಳಿತು, ಸುಟ್ಟ ವಾಸನೆ ಬಂತು, ಕೈಯಿಡಲಾಗದಷ್ಟು ಬಿಸಿಯಾಗಿ ತಾನೇ ನಿಂತಿತು. ಬಟ್ಟೆಯ ಮೇಲೆ ಕೆಂಪು ಕಲೆ. ಹೊಸದರ ಅಂಚು ಸರಿಯಾಗಿ ಕೂರದೆ ಧೂಳು ಪಕ್ಕದಿಂದ ನುಸುಳಿತ್ತು. ಗಂಗಮ್ಮ ಕೆಟ್ಟವರಲ್ಲ. ಬಟ್ಟೆ ಮಡಿಚುತ್ತ, "ಬ್ಯಾಸರ ಮಾಡ್ಕೋಬ್ಯಾಡ್ರಿ ಹಂಪವ್ವ. ಹಸಿಗೂಸು ಐತೆ. ನಾಳೆ ಸಂಜಿಗೆ ಇನ್ನೊಮ್ಮೆ ಬರ್ತೀನಿ. ಆಗ್ಲೂ ಹಿಂಗ ಇದ್ರೆ ನಮ್ಮ ಮನೆಗೇ ಕರ್ಕಂಡು ಹೋಗ್ತೀನಿ" ಎಂದರು.

ಅವರು ಹೋದ ಮೇಲೆ ಹೆರಿಗೆಮನೆಯಲ್ಲಿದ್ದ ದುರುಗಿಗೆ ಫೋನು ಹಚ್ಚಿದೆ. ಬಿಸಿ ಆರಿದ ಹೀರುಗವನ್ನು ಓಡಿಸಿ ಸದ್ದು ಕೇಳಿಸಿದೆ. ಅವಳು, "ಚಿಗವ್ವ, ಅವ್ವಂದು ತೆಗ್ದಿಲ್ಲ, ಹೌದಲ್ಲ?" ಎಂದಳು. "ಅದರ ಮ್ಯಾಲೆ ಇನ್ನೊಂದು ಹಾಕೀಯೇನು? ಯವ್ವಾ! ಅವ್ವ ಇದ್ದಿದ್ರೆ ಅದನ್ನ ನೋಡಿ ನಿನ್ನ ಮನೆಯಿಂದ ಹೊರಗೆ ಹಾಕ್ತಿದ್ಲು" ಎಂದು ನಗಲು ಶುರುಮಾಡಿದಳು. ನನಗೂ ನಗು ಬಂತು, ಬಂದದ್ದು ನಗುವೋ ಇನ್ನೇನೋ. ನಗು ನಿಂತ ಮೇಲೆ ಅವಳ ದನಿ ಬದಲಾಯಿತು. "ನಾನು ಬರೋಮಟ ಇಡು ಅನ್ಬೇಕು ಅನ್ನಿಸ್ತೈತೆ ಚಿಗವ್ವ. ನನಗೂ ಒಂದ್ಸಲ ನೋಡ್ಬೇಕು. ಆದ್ರೆ ಕೂಸನ್ನ ಎಲ್ಲಿ ಮಲಗಿಸ್ಲಿ? ಕೊಡವಿಬಿಡು. ಫೋನ್ ಇಡಬ್ಯಾಡ. ನನಗೆ ಕೇಳಿಸ್ಬೇಕು."

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೊರಬಾಗಿಲಿಗೆ ಹೋದೆ. ಗಾಳಿ ಇಳಿದಿತ್ತು. ಫೋನನ್ನು ಕಲ್ಲಿನ ಪಕ್ಕದಲ್ಲಿಟ್ಟು ಸೋಸುಗವನ್ನು ಮೆಲ್ಲಗೆ ತಟ್ಟಿದೆ. ಏನೂ ಬೀಳಲಿಲ್ಲ. ಕೆಳಗಿನಿಂದ ದುರುಗಿಯ ದನಿ: "ಹಂಗಲ್ಲ. ಅವ್ವ ಹಂಗೆ ಬಡೀತಿರಲಿಲ್ಲ. ಜೋರಾಗಿ ಬಡಿ." ಬಡಿದೆ. ಮೊದಲು ಕೆಂಪು ಉದುರಿತು, ಈ ಏಪ್ರಿಲ್‌ಗಳದು. ಆಮೇಲೆ ಅದರ ಹಿಂದಿನ ಬೂದು ಪದರ, ಹತ್ತಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಬಿತ್ತು. ಬಿಳಿಗೂದಲು ಅದರ ಜೊತೆಗೇ ಹೋಯಿತು, ಹಿಡಿಯಲು ಕೈ ಚಾಚಲಿಲ್ಲ. ಎದುರುಮನೆಯ ಟಕಟಕ ನಿಂತಿತು. ಅವರಿಗೆ ಆ ಬಡಿತದ ಗುರುತು ಸಿಕ್ಕಿರಬೇಕು. ನಾನು ಕೆಮ್ಮುತ್ತ ಕೆಮ್ಮುತ್ತ ಮಡಿಕೆ ಬಿಳಿಯಾಗಿ ಕಾಣುವವರೆಗೆ ಬಡಿದೆ. ಫೋನಿನ ಆ ಕಡೆ ಕೂಸು ಒಮ್ಮೆ ಕುಂಯ್ ಎಂದಿತು.

ಮರುದಿನ ಬೆಳಿಗ್ಗೆ ಹಳೆಯದನ್ನು ಪಂಪಣ್ಣನ ಮುಂದೆ ಇಟ್ಟೆ. ಹಳೆಯ ಚೌಕಟ್ಟನ್ನು ಕೊಡವಿ ಅಂಗಡಿಗೇ ಹಿಂದಿರುಗಿಸಬೇಕು, ಅದನ್ನು ಕರಗಿಸಿ ಹೊಸದು ಮಾಡುತ್ತಾರೆ. ಅವನು ಅಂಚಿನ ಮೇಲಿನ ಹೆಸರು ಓದಿದ, ತಮಾಷೆ ಮಾಡಲಿಲ್ಲ. ಸರಿಯಾದ ಅಳತೆಯದನ್ನು ತೆಗೆದು, ಬೆಳಕಿಗೆ ಹಿಡಿದು ತೂತಿಲ್ಲವೆಂದು ತೋರಿಸಿ, ರಬ್ಬರನ್ನು ಬೆರಳಿನಿಂದ ಸುತ್ತಲೂ ಒತ್ತಿ ಕೊಟ್ಟ. ಮನೆಯಲ್ಲಿ ನಾನೇ ಕೂರಿಸಿದೆ. ಒಳಗೆ ಹೋಗಿ ಕೂತಾಗ ಟಕ್ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಇಷ್ಟು ವರ್ಷ ಆ ಸದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿದ್ದೆ. ಸಂಜೆ ಗಂಗಮ್ಮ ಬಟ್ಟೆ ಹಿಡಿದರು, ತಿರುವಿ ಹಾಕಿ ಮತ್ತೆ ಹಿಡಿದರು. ಬಟ್ಟೆ ಬೆಳ್ಳಗೇ ಇತ್ತು. "ನಮ್ಮ ಮನೆಯದನ್ನೂ ಒಂದ್ಸಲ ಬಂದು ನೋಡ್ರಿ" ಎಂದರು. ಮರುದಿನವೇ ದುರುಗಿ ಬಂದಳು, ಮೊದಲು ಕೂಸನ್ನು ನನ್ನ ಕೈಗೆ ಹಾಕಿ ಆಮೇಲೆ ಹೊಸಿಲು ದಾಟಿದಳು.

ಅಜ್ಜಿ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಈ ಕೆಲಸ ಮಾಡುವವರು ಒಬ್ಬರೇ ಇದ್ದರೆ, ಇವತ್ತೇ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಚ್ಚಳ ಬಿಚ್ಚಿ. ಕೆಮ್ಮುವವರಾದರೆ ಮೂಗಿಗೆ ಬಟ್ಟೆ ಕಟ್ಟಿ ಕೂರಿಸಿ, ಆಚೆ ಕಳಿಸಬೇಡಿ. ಪ್ರೀತಿಯಿಂದಲೇ ಕಳಿಸಿದರೂ ಆಚೆ ಹೋದವರು ಕಲಿಯುವುದಿಲ್ಲ. ಅಕ್ಕ ನನ್ನ ಎದೆಯನ್ನು ಕಾಯ್ದಳು, ಅವಳ ಮೇಲೆ ನನಗೆ ದೂರಿಲ್ಲ. ಆದರೆ ಒಂದೇ ಒಂದು ಸಂಜೆ ಆ ಕಲ್ಲಿನ ಹತ್ತಿರ ಇಬ್ಬರೂ ಕೂತು ಕೆಮ್ಮುತ್ತ ಕೊಡವಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅನ್ನಿಸುತ್ತದೆ.

ಇನ್ನು ನಿಲ್ಲಿಸುತ್ತೇನೆ. ಹೀರುಗ ಓಡುವಾಗ ಕೂಸು ಗಾಢವಾಗಿ ನಿದ್ದೆ ಮಾಡುತ್ತದೆ, ಸದ್ದು ನಿಂತರೆ ಏಳುತ್ತದೆ. ಈಗಷ್ಟೇ ಹೀರುಗ ನಿಲ್ಲಿಸಿದೆ. ದುರುಗಿ ಸ್ನಾನಕ್ಕೆ ಹೋಗಿದ್ದಾಳೆ. ಎದ್ದಿತು, ಕರೆಯುತ್ತಿದೆ. ಬರುತ್ತೇನೆ ಅಜ್ಜಿ.

ನಿಮ್ಮ
ಹಂಪಮ್ಮ