ದಿನಕ್ಕೆ ಎಷ್ಟು ಕುಡ್ತೆ ಹಾಲು

ಕೋಟ
೫-೧೦-೧೯೪೪

ಚಿರಂಜೀವಿ ಪಾಂಡುವಿಗೆ,

ನಿನ್ನ ಅಕ್ಕ ತುಂಗಾ ಮನಸಾರೆ ಮಾಡುವ ಆಶೀರ್ವಾದ. ನಾವಿಲ್ಲಿ ಹೇಗೋ ಒಂದು ರೀತಿಯಲ್ಲಿ ಚೆನ್ನಾಗಿಯೇ ಇದ್ದೇವೆ. ನೀನೂ ಬೊಂಬಾಯಿಯಲ್ಲಿ ಹೊತ್ತಿಗೆ ಸರಿಯಾಗಿ ಉಂಡು ಆರೋಗ್ಯವಾಗಿದ್ದೀ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಕೊಯ್ಲು ಮುಗಿದು ಈಗ ಭತ್ತ ಬೇಯಿಸುವ ಕೆಲಸ ಹಿಡಿದಿದೆ. ಅದರ ನಡುವೆ ನನ್ನ ಮಡಿಲು ಖಾಲಿ ಇರುವುದೇ ಇಲ್ಲ. ನಿನ್ನ ಗೋಪಿ ಮಲಗಿದ ಎಂದು ಪೆನ್ಸಿಲು ಹಿಡಿದರೆ ನನ್ನ ರತ್ನ ಏಳುತ್ತಾಳೆ, ಅವಳನ್ನು ಸಮಾಧಾನ ಮಾಡುವುದರೊಳಗೆ ಇವನು. ಐದು ತಿಂಗಳಿಂದ ಇದೇ ಆಯಿತು. ಸೊಂಟ ಮುರಿದು ಹೋಗಿದೆ ಮಾರಾಯ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಒಂದು ಕೈ ತೊಟ್ಟಿಲು ತೂಗುತ್ತಿದೆ.

ಇನ್ನು ನಿನ್ನ ಪ್ರಶ್ನೆ. ‘ಗೋಪಿಗೆ ದಿನಕ್ಕೆ ಎಷ್ಟು ಕುಡ್ತೆ ಹಾಲು ಬೇಕು, ಸರಿಯಾಗಿ ನೋಡಿ ಬರೆ ಅಕ್ಕ. ಕೆರಾಡಿಯಿಂದ ಮಾವ ಕೇಳಿದ್ದಾರೆ. ಅವರ ದನ ಕರು ಹಾಕಿದೆ. ದೀಪಾವಳಿ ಕಳೆದ ಮೇಲೆ ಮಗುವನ್ನು ಅವರೇ ಕರೆದುಕೊಂಡು ಹೋಗುತ್ತಾರಂತೆ, ನಿನಗೂ ಭಾರ ಕಡಿಮೆ’ ಎಂದು ಬರೆದಿದ್ದೀ. ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋಟೆಲಿನಲ್ಲಿ ಗಿರಾಕಿಗೆ ಲೋಟದ ಲೆಕ್ಕದಲ್ಲಿ ಹಾಲು ಕೊಡುವವ ನೀನು, ನಿನಗೆ ಹಾಗೆ ಕಂಡದ್ದು ತಪ್ಪಲ್ಲ. ಆದರೆ ನಾನೇನು ಇವನಿಗೆ ಕುಡ್ತೆ ಪಾತ್ರೆಯಲ್ಲಿ ಹಿಂಡಿ ಅಳೆದು ಕೊಡುತ್ತೇನೆಯೇ? ಅಳುತ್ತಾನೆ, ಎತ್ತಿಕೊಳ್ಳುತ್ತೇನೆ, ಕುಡಿಯುತ್ತಾನೆ, ಸಾಕಾದಾಗ ಬಾಯಿ ಬಿಟ್ಟು ಹಾಗೇ ನಿದ್ದೆ ಹೋಗುತ್ತಾನೆ. ಒಮ್ಮೊಮ್ಮೆ ಎರಡು ಗುಟುಕಿಗೆ ಮುಗಿಯುತ್ತದೆ, ಒಮ್ಮೊಮ್ಮೆ ಒಲೆಯ ಮೇಲಿನ ಅನ್ನ ಸೀದರೂ ಬಿಡುವುದಿಲ್ಲ. ಇದನ್ನು ನಿನ್ನ ಮಾವನಿಗೆ ಯಾವ ಅಳತೆಯಲ್ಲಿ ಬರೆಯಲಿ?

ಅವರ ಮೇಲೆ ನನಗೆ ಸಿಟ್ಟಿಲ್ಲ. ಹೋದ ತಿಂಗಳು ನಿನ್ನ ಮಾವ ದೇವಪ್ಪನವರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಆ ಇದ್ದಲಿನ ಬಸ್ಸು ದಾರಿಯಲ್ಲಿ ಎರಡು ಕಡೆ ನಿಂತು, ಅವರು ಬಂದು ಮುಟ್ಟುವಾಗ ಸಂಜೆ. ನಿನ್ನ ಸರೋಜಳ ಅಮ್ಮ ಕಾಲು ತೊಳೆಯುವುದಕ್ಕೂ ನಿಲ್ಲದೆ ಗೋಪಿಯನ್ನು ಎತ್ತಿಕೊಂಡರು. ಮಗಳ ಮೂಗು, ಮಗಳ ಹಣೆ ಎಂದು ಸವರಿ ಸವರಿ ಅತ್ತರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, “ಒಂದ್ ಮೈಯಗೆ ಇಬ್ರಿಗ್ ಎಲ್ಲಿಂದ ಹಾಲ್ ಬತ್ತ್ ಮಾರಾಯ್ತಿ? ನೀ ಕಡ್ಡಿ ಆಯ್ದೆ” ಎಂದರು. ಬಾಯಿಮಾತಿಗೆ ಹೇಳಿದ್ದಲ್ಲ, ಕರುಳಿನಿಂದಲೇ ಹೇಳಿದ್ದು. ಮಗಳಂತೂ ಹೋದಳು, ಮೊಮ್ಮಗುವಾದರೂ ಕಣ್ಣೆದುರಿಗೆ ಇರಲಿ ಎಂಬ ಆಸೆ ಅವರಿಗೆ. ಅದು ನನಗೆ ಅರ್ಥವಾಗುವುದಿಲ್ಲವೇ?

ಆದರೆ ಪಾಂಡು, ದನದ ಹಾಲಿನ ಪರೀಕ್ಷೆ ಒಮ್ಮೆ ಆಗಿಹೋಗಿದೆ. ಸರೋಜ ಬಾಣಂತಿ ಜ್ವರದಲ್ಲಿ ಕಣ್ಣು ಮುಚ್ಚಿದ ಮೇಲೆ ನಿನ್ನ ಭಾವ ಕೆರಾಡಿಗೆ ಹೋಗಿ ಗೋಪಿಯನ್ನು ಇಲ್ಲಿಗೆ ತಂದರಲ್ಲ, ಆಗ ನೀನು ಇನ್ನೂ ಬೊಂಬಾಯಿಯಿಂದ ಬಂದು ಮುಟ್ಟಿರಲಿಲ್ಲ. ಅಲ್ಲಿ ಬಟ್ಟೆಯ ಬತ್ತಿ ಅದ್ದಿ ಅದ್ದಿ ದನದ ಹಾಲು ಚೀಪಿಸಿದ್ದರು. ಪಾಪ, ಅವರಾದರೂ ಏನು ಮಾಡಿಯಾರು? ನೀರಿನ ಹಾಗೆ ಭೇದಿಯಾಗಿ ಮಗು ಅಳುವ ಶಕ್ತಿಯನ್ನೂ ಕಳೆದುಕೊಂಡಿತ್ತು. ಸುಕ್ಕು ಮುಖ, ಗುಳಿಬಿದ್ದ ನೆತ್ತಿ. ನಾನೂ ಆಗ ಹಸಿ ಬಾಣಂತಿ, ರತ್ನ ಹುಟ್ಟಿ ಹೆಚ್ಚು ದಿನ ಆಗಿರಲಿಲ್ಲ. ಎತ್ತಿ ಎದೆಗೆ ಇಟ್ಟುಕೊಂಡೆ. ಮೊದಲು ಬಾಯಿಯನ್ನೇ ತೆರೆಯಲಿಲ್ಲ. ತುಟಿಗೆ ಹಿಂಡಿ ಹಿಂಡಿ ಬಿಟ್ಟೆ. ಮರುದಿನ ಮಧ್ಯಾಹ್ನ ಒಮ್ಮೆ ಗಟ್ಟಿಯಾಗಿ ಹಿಡಿದ ನೋಡು, ನೋವಿಗೆ ಅಯ್ಯೋ ಎಂದು ಕೂಗಿದೆ. ಆವತ್ತು ನನಗೆ ಆದ ಸಂತೋಷ ನಿನಗೆ ಹೇಗೆ ಹೇಳಲಿ!

ನಮ್ಮ ಅತ್ತೆಯ ಕಾನೂನೂ ಆವತ್ತೇ ಶುರುವಾದದ್ದು. ಅಮ್ಮ ಇಲ್ಲದ ನನಗೆ ಬಾಣಂತನ ಮಾಡಿದವರು ಅವರೇ. ಕೆಟ್ಟವರೆಂದು ನಾನು ಹೇಳಲಾರೆ. ಪರರ ಮಗು ಎಂದು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ಗೋಪಿ ಹಾಲು ಹಿಡಿದದ್ದನ್ನು ನೋಡಿದ್ದೇ ತಡ, ಹತ್ತಿರ ಕೂತು, “ಹೇ ತುಂಗಾ, ಕೇಣ್. ಬಲದ್ದ್ ಅವ್ನಿಗೆ, ಎಡದ್ದ್ ಹೆಣ್ಣಿಗೆ. ಅದಲ್ ಬದಲ್ ಮಾಡ್ಬೇಡ. ನಾಳಿಕೆ ಇಬ್ರಿಗೂ ಮದಿ ಮಾಡ್ಕಲ್ದಾ? ಒಂದೇ ಬದಿ ಹಾಲ್ ಕುಡ್ದ್ರೆ ಅಣ್ಣ ತಂಗಿ ಆಯಿ ಹೋತ್ರ್” ಎಂದರು. ತಮ್ಮನ ಮಗ, ಅಕ್ಕನ ಮಗಳು. ಗಂಡು ಹತ್ತು ಹನ್ನೆರಡು ದಿನಕ್ಕೆ ದೊಡ್ಡವನು. ಇಂಥ ಸಂಬಂಧ ತಾನಾಗಿ ಮನೆಗೆ ಬಂದಿರುವಾಗ ಹಾಲಿನಿಂದ ಕೆಡಬಾರದಂತೆ. ನಿನ್ನ ಭಾವ, “ಮಕ್ಳ್ ಹೊಟ್ಟಿಗೂ ಮದಿಗೂ ಎಂತ ಲೆಕ್ಕ ಅಬ್ಬೆ?” ಎಂದು ನಗಾಡಿ ಗದ್ದೆಗೆ ಹೋದರು. ಗಂಡಸರಿಗೆ ಸುಲಭ, ನಗಾಡಿ ಗದ್ದೆಗೆ ಹೋಗಬಹುದು. ಮನೆಯಲ್ಲಿ ಅತ್ತೆಯ ಕಣ್ಣೆದುರು ಕೂತು ಹಾಲು ಕೊಡುವವಳು ನಾನು. ಅವರು ಹೇಳಿದ ಹಾಗೇ ನಡೆದುಕೊಂಡೆ. ನನಗೂ ಒಳಗೊಳಗೆ ಆಸೆ ಇತ್ತು ಎನ್ನು. ನಿನ್ನ ಮಗ ನನ್ನ ಅಳಿಯನಾದರೆ ನನಗೇನು ಬೇಡವೇ?

ಇಲ್ಲಿಗೆ ಬಿಟ್ಟು ಎದ್ದಿದ್ದೆ. ಭತ್ತದ ಹಂಡೆ ಉಕ್ಕಿತ್ತು.

ಗೋಪಿಗೆ ಹೋದ ವಾರ ಕೆಮ್ಮು ಬಂದು ಕುಂದಾಪುರದ ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದೆವು. ರತ್ನ ಅತ್ತೆಯ ಹತ್ತಿರ ಮನೆಯಲ್ಲೇ ಇದ್ದಳು. ಡಾಕ್ಟರಮ್ಮ ಒಳ್ಳೆಯ ಹೆಂಗಸು. ನಿನ್ನ ಪ್ರಶ್ನೆಯನ್ನು ಅವರ ಮುಂದೆಯೇ ಇಟ್ಟೆ. “ದಿನಕ್ಕೆ ಆರೇಳು ಬಟ್ಟೆ ಒದ್ದೆ ಮಾಡುತ್ತಾನಾ? ಮೈ ತುಂಬುತ್ತಾ ಇದೆಯಾ? ಹಾಗಾದರೆ ಅವನಿಗೆ ಬೇಕಾದಷ್ಟು ಸಿಗುತ್ತಿದೆ. ಅಳತೆಗಿಳತೆ ಎಲ್ಲ ಬೇಡ” ಎಂದರು. ತೂಗಿ ನೋಡಿ, ಐದು ತಿಂಗಳಿಗೆ ಚಂದದ ಮಗು ಎಂದು ಕೆನ್ನೆ ಹಿಂಡಿದರು. ಕೆಮ್ಮು ಈಗ ವಾಸಿಯಾಗಿದೆ. ಕವುಚಿ ಬೀಳುತ್ತಾನೆ, ನನ್ನ ಸ್ವರ ಕೇಳಿದರೆ ತಲೆ ಎತ್ತಿ ಹುಡುಕುತ್ತಾನೆ. ಬೇರೆ ಯಾರು ಎತ್ತಿಕೊಂಡರೂ ಸ್ವಲ್ಪ ಹೊತ್ತಿಗೆ ಮುಖ ಸಣ್ಣ ಮಾಡುತ್ತಾನೆ. ಒಬ್ಬ ತಾಯಿಯನ್ನು ಕಳೆದುಕೊಂಡದ್ದು ಅವನಿಗೆ ಗೊತ್ತಾಗಲಿಲ್ಲ. ಈಗ ಕರೆದುಕೊಂಡು ಹೋದರೆ ಗೊತ್ತಾಗುತ್ತದೆ.

ಆದ್ದರಿಂದ ಮಾವನಿಗೆ ಮರ್ಯಾದೆಯಿಂದಲೇ ಬರೆ. ಒಂದು ವರ್ಷ ತುಂಬಲಿ, ಅನ್ನ ಉಣ್ಣಲು ಕಲಿಯಲಿ, ಆಮೇಲೆ ಕೆರಾಡಿಗೆ ಹೋಗಿ ಎಷ್ಟು ದಿನ ಬೇಕಾದರೂ ಇರಲಿ. ಅಲ್ಲಿಯ ತನಕ ಅವರೇ ಇಲ್ಲಿಗೆ ಬಂದು ಹೋಗುತ್ತಿರಲಿ, ಮನೆ ಅವರದ್ದೇ. ನನಗೆ ಭಾರ ಎಂದು ಇನ್ನೊಮ್ಮೆ ಬರೆದರೆ ನೋಡು! ದಣಿವು ಇದೆ, ಇಲ್ಲ ಎನ್ನುವುದಿಲ್ಲ. ಕೂತಲ್ಲೇ ಕಣ್ಣು ಮುಚ್ಚುತ್ತದೆ, ತಲೆಗೂದಲು ಹಿಡಿಹಿಡಿಯಾಗಿ ಬರುತ್ತದೆ. ಆದರೆ ದಣಿವೂ ಭಾರವೂ ಒಂದೇ ಅಲ್ಲ ತಮ್ಮಾ.

ರತ್ನ ಆಗಲೇ ರಾಗಿ ಮಣ್ಣಿ ತಿನ್ನಲು ಕಲಿತಿದ್ದಾಳೆ. ಹೆಣ್ಣುಮಕ್ಕಳು ಬೇಗ ಕಲಿಯುತ್ತವೆ ಎಂದು ಅತ್ತೆಗೆ ಹೆಮ್ಮೆ.

ನೀನು ಹೆಚ್ಚು ಯೋಚನೆ ಮಾಡಬೇಡ. ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೀ. ತಲೆಗೆ ಎಣ್ಣೆ ಹಾಕಿಕೊಂಡು ಸ್ನಾನ ಮಾಡು, ಸರೋಜಳ ನೆನಪಾದರೆ ಒಬ್ಬನೇ ಕೂರದೆ ಊರವರ ಜೊತೆ ಎರಡು ಮಾತಾಡು. ಶಂಕರನಾರಾಯಣ ದೇವರು ನಿನ್ನನ್ನೂ ನಿನ್ನ ಮಗುವನ್ನೂ ಕಾಪಾಡಲಿ. ನೂರು ಕಾಲ ಬಾಳು.

ನಿನ್ನ ಅಕ್ಕ,
ತುಂಗಾ

ತಾ.ಕ.: ಲಕ್ಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಬರೆಯಬಾರದು ಎಂದಿದ್ದೆ, ನಿನ್ನ ಹತ್ತಿರ ಅಲ್ಲದೆ ಯಾರ ಹತ್ತಿರ ಹೇಳಲಿ? ಡಾಕ್ಟರಮ್ಮ ಆವತ್ತು ಮತ್ತೂ ಒಂದು ಮಾತು ಹೇಳಿದ್ದರು. ಮಗು ಕುಡಿದಷ್ಟೂ ಹಾಲು ಬರುತ್ತದೆ, ಕುಡಿಯದ ಬದಿ ಬತ್ತಿ ಹೋಗುತ್ತದೆ ಎಂದು. ರತ್ನ ಮೊದಲಿನಿಂದಲೂ ಸಣ್ಣ ಜೀವ, ಎಳೆಯುವ ಶಕ್ತಿ ಕಡಿಮೆ, ಎರಡು ಗುಟುಕಿಗೆ ನಿದ್ದೆ. ತಾಯಿ ಇಲ್ಲದ್ದು ಮೊದಲು ಕುಡಿಯಲಿ ಎಂದು ನಾನೂ ಅವಳನ್ನು ಕಾಯಿಸಿದೆ. ಕೊಯ್ಲಿನ ಹೊತ್ತಿಗೆ ಎಡದ ಬದಿ ಬತ್ತಿತು. ಅವಳು ಮಣ್ಣಿ ಕಲಿತದ್ದಲ್ಲ ಪಾಂಡು, ಹಸಿವಿಗೆ ತಿಂದದ್ದು. ಕೈಕಾಲು ಎಷ್ಟು ಸಪೂರ ಆಗಿವೆ ಎಂದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆಸ್ಪತ್ರೆಯಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಅವಳನ್ನು ಬಲಕ್ಕೆ ಇಟ್ಟುಕೊಂಡೆ. ಮದುವೆ ಹಾಳಾಗಿ ಹೋಗಲಿ, ಮಗು ಉಳಿಯಲಿ ಎಂದುಕೊಂಡೆ. ಕುಡಿಯಲಿಲ್ಲ. ಮುಖ ತಿರುಗಿಸಿ ಕಿರುಚಿದಳು. ದಿನಾ ಪ್ರಯತ್ನ ಮಾಡುತ್ತಿದ್ದೇನೆ, ದಿನಾ ನನ್ನ ಎದೆಯನ್ನು ಕೈಯಿಂದ ದೂಡಿ ಅಜ್ಜಿಯ ಕಡೆಗೆ ವಾಲುತ್ತಾಳೆ. ಹಿಂಡಿ ಚಮಚದಲ್ಲಿ ಕೊಡುತ್ತೇನೆ, ಅದನ್ನು ಕುಡಿಯುತ್ತಾಳೆ. ನಿನ್ನೆ ಅತ್ತೆ ನೋಡಿದರು, ಬಲದ ಹಾಲು ಎಂದು ಗೊತ್ತಿದ್ದೂ ಚಮಚ ತೊಳೆದು ತಂದುಕೊಟ್ಟರು.

ಇದನ್ನು ಓದಿ ಗೋಪಿಯಿಂದಾಗಿ ಹೀಗಾಯಿತು ಎಂದು ಮಾವನಿಗೆ ತಂತಿ ಕೊಡಬೇಡ. ಅವನು ಕುಡಿಯುವುದರಿಂದಲೇ ಅವಳಿಗೆ ಆ ಚಮಚದಷ್ಟಾದರೂ ಹುಟ್ಟುತ್ತಿದೆ. ಇವನು ಹೋದರೆ ಅದೂ ನಿಲ್ಲುತ್ತದೆ. ದೀಪಾವಳಿ ಹತ್ತಿರ ಬಂತು. ಕಾಗದ ಮುಟ್ಟಿದ ದಿನವೇ ಕೆರಾಡಿಗೆ ಬರೆ.