ಬಾಲ್ಕನಿಯಲ್ಲಿಟ್ಟ ಇನ್ಸುಲಿನ್

ಅಪ್ಪಾ,

ಕ್ರಿಸ್ಮಸ್ಸಿನ ಹಂದಿತೊಡೆಗೆ ಫ್ರಿಜ್ಜಿನಲ್ಲಿ ಜಾಗ ಮಾಡಲೆಂದು ನೀನು ಬಾಲ್ಕನಿಯಲ್ಲಿಟ್ಟ ಇನ್ಸುಲಿನ್ ಪೆನ್ನುಗಳೆಲ್ಲ ರಾತ್ರಿಯ ಹಿಮಚಳಿಗೆ ಹೆಪ್ಪುಗಟ್ಟಿವೆ. "ಕರಗಿದ್ರೆ ಸರಿಹೋಗುತ್ತೆ ಬಿಡೇ, ಅದೇನು ಆಲೂಗಡ್ಡೆನಾ ಕೆಡೋಕೆ?" ಎಂದು ನೀನು ಗೊಣಗುವುದು ಗೊತ್ತು. ಕರಗಿದರೂ ಅದು ಇನ್ನು ಕೆಲಸ ಮಾಡುವುದಿಲ್ಲ. ಅದಕ್ಕೇ ಎಲ್ಲವನ್ನೂ ನನ್ನ ಜೊತೆ ಒಯ್ಯುತ್ತಿದ್ದೇನೆ.

ಬ್ರೆಡ್ ಡಬ್ಬಿಯ ಪಕ್ಕದ ಪೆನ್ನಿನಲ್ಲಿ ಬೆಳಗಿನ ಚುಚ್ಚುಮದ್ದಿಗಾಗುವಷ್ಟು ಉಳಿದಿದೆ. ಚುಚ್ಚಿಕೊಂಡ ಮೇಲೆ ಒಲೆಯ ಮೇಲಿರುವ ಗಂಜಿ ಕುಡಿ. ನಾನು ಬರುವವರೆಗೆ ಸೌನಾದ ಹಬೆಕೋಣೆಗೆ ಹೋಗಬೇಡ. ಆ ಬಿಸಿಗೆ ಇನ್ಸುಲಿನ್ ಬೇಗ ರಕ್ತಕ್ಕೇರಿ ಸಕ್ಕರೆ ಇಳಿದುಬಿಡುತ್ತದೆ, ತಲೆಸುತ್ತಿ ಬಿದ್ದರೆ ಹಿಡಿಯುವವರಿಲ್ಲ. ಔಷಧದಂಗಡಿ ಇಂದು ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಹೊಸ ಪೆನ್ನು ತರಲು ಓಡುತ್ತಿದ್ದೇನೆ.

ಹಂದಿತೊಡೆಯನ್ನು ಬಾಲ್ಕನಿಗೆ ಹಾಕಿದ್ದೇನೆ. ಅದಿಲ್ಲದಿದ್ದರೂ ಹಬ್ಬ ನಡೆಯುತ್ತದೆ. ಹೋದ ವರ್ಷ ಅಮ್ಮನಿಲ್ಲದೆಯೂ ಹೇಗೋ ನಡೆಯಿತು. ನೀನೂ ಇಲ್ಲದೆ ಹಬ್ಬ ಮಾಡುವುದು ನನಗೆ ಬರುವುದಿಲ್ಲ.

ಹಿಲ್ಲ